ಬಿಲ್ಡರ್ ಸಾಹೇಬರ ಪರವಾಗಿ ಒಂದು ವಕಾಲತ್ತು

ಬಿಲ್ಡರ್‌ಗಳ ಪರವಾಗಿ ಮಾತಾಡುವವರು ಈ ರಾಜ್ಯದಲ್ಲಿ ಯಾರೂ ಇಲ್ಲವಲ್ಲ ಎಂಬುದು ನನ್ನ ಬಹುದಿನದ ಕೊರಗು. ವಿಧಾನಸೌಧದೊಳಗೆ ಇರಬಹುದು, ಅದು ಬೇರೆ ಮಾತು. ನಾನು ಹೇಳುವುದು ಜನಸಾಮಾನ್ಯರ ನಡುವೆ. ಅಪಾರ್ಟ್‌ಮೆಂಟ್ ಕೊಂಡವರು ನಾಲ್ಕು ಜನ ಸೇರಿದರೆ ಸಾಕು, ಬಿಲ್ಡರ್‌ಗೆ ಹಿಡಿಶಾಪ ಶುರು. ಗೋಡೆ ಬೆವರುತ್ತದಂತೆ, ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತು ಧ್ಯಾನ ಮಾಡುತ್ತದಂತೆ, ಕಾವೇರಿ ಅಂದವನು ಟ್ಯಾಂಕರ್ ತೋರಿಸಿದನಂತೆ. ಇಪ್ಪತ್ತು ವರ್ಷದ ಸಾಲ ಮೈಮೇಲೆ ಎಳೆದುಕೊಂಡು ಮನೆ ಕೊಂಡವರು ಇಷ್ಟೊಂದು ಕೃತಘ್ನರಾಗಬಾರದು. ಹಾಗಾಗಿ ಈ ವಾರ ಫೀಸಿಲ್ಲದೆ ಅವರ ಪರ ವಕಾಲತ್ತು ಹಾಕಿದ್ದೇನೆ. ಸರ್ಜಾಪುರ ರಸ್ತೆಯ ಕಡೆ ನನ್ನದೂ ಒಂದು ಫ್ಲ್ಯಾಟ್ ಇರುವುದರಿಂದ ಕಕ್ಷಿದಾರರ ಗುಣಶೀಲ ಹತ್ತಿರದಿಂದ ಬಲ್ಲೆ.

ಮೊದಲ ಆರೋಪ, ರಿಜಿಸ್ಟ್ರೇಷನ್ ಆದ ಮೇಲೆ ಫೋನ್ ಎತ್ತುವುದಿಲ್ಲ ಎಂಬುದು. ನಿಜವೇ. ಬುಕಿಂಗ್‌ಗೆ ಮುಂಚೆ ಸೇಲ್ಸ್ ಹುಡುಗ ನಮ್ಮ ಮಾವನವರ ತಿಥಿಯ ದಿನ ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದಾಗಲೂ ಫೋನ್ ಮಾಡಿದ್ದ. ಮನೆ ಬಾಗಿಲಿಗೆ ಕಾರು ಕಳಿಸಿದ, ಸೈಟಿನಲ್ಲಿ ಎಳನೀರು ಕುಡಿಸಿದ, ‘ಮೇಡಂ, ಪೂಜಾ ರೂಮ್ ಈಶಾನ್ಯಕ್ಕೇ ಬಂದಿದೆ ನೋಡಿ’ ಎಂದು ನನ್ನಾಕೆಯ ಮನಸ್ಸನ್ನು ನಿಂತ ನಿಲುವಿನಲ್ಲೇ ಗೆದ್ದ. ಈಗ ಅವನ ನಂಬರು ಸ್ವಿಚ್ ಆಫ್. ಅವನ ಜಾಗಕ್ಕೆ ಬಂದವರು ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜರ್. ಈ ಹುದ್ದೆಯಲ್ಲಿ ಯಾರೂ ಎರಡನೇ ಸಂಬಳ ತೆಗೆದುಕೊಂಡಂತೆ ಕಾಣೆ. ಯಾವಾಗ ಫೋನ್ ಮಾಡಿದರೂ ಹೊಸ ಧ್ವನಿ: ‘ಸರ್, ನಾನು ಈಗಷ್ಟೇ ಜಾಯಿನ್ ಆಗಿದೀನಿ, ನಿಮ್ಮ ಇಶ್ಯೂ ಏನೂಂತ ಒಂದು ಮೇಲ್ ಹಾಕಿಬಿಡಿ.’ ಮೇಲ್ ಹಾಕಿದರೆ ಒಂದು ಟಿಕೆಟ್ ನಂಬರ್ ಬರುತ್ತದೆ. ಆಮೇಲೆ ಒಂದು ದಿನ, ಯಾರೂ ಬರದೆ, ಏನೂ ಆಗದೆ, ‘ನಿಮ್ಮ ದೂರು ಯಶಸ್ವಿಯಾಗಿ ಬಗೆಹರಿದಿದೆ, ನಮಗೆ ಐದು ಸ್ಟಾರ್ ಕೊಡಿ’ ಎಂಬ ಸಂದೇಶ. ಇಲ್ಲಿ ನನ್ನ ವಾದ ಇಷ್ಟೇ: ಮಗಳನ್ನು ಧಾರೆ ಎರೆದು ಕೊಟ್ಟ ಮೇಲೆ ತವರಿನವರು ದಿನಾ ಬಂದು ಅಡುಗೆಮನೆಯಲ್ಲಿ ಕೂತರೆ ಸಂಸಾರ ನಡೆಯುತ್ತದೆಯೇ?

ಎರಡನೇ ಆರೋಪ ಸೋರಿಕೆಯದು. ನಮ್ಮ ಮಕ್ಕಳ ಕೋಣೆಯ ಒಂದು ಮೂಲೆ, ಬಚ್ಚಲಿಗೆ ಅಂಟಿಕೊಂಡ ಗೋಡೆ. ಸೂರಿನಿಂದ ಒಂದು ಮೊಳ ಕೆಳಗಿನವರೆಗೆ ಪೇಂಟ್ ಉಬ್ಬಿ ನಿಂತಿದೆ. ಉಗುರಿನಿಂದ ಕೆರೆದರೆ ಪುಟ್ಟಿ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತದೆ, ಒಳಗಡೆ ಬಿಳಿ ಉಪ್ಪು ಕಟ್ಟಿದೆ, ಬೀರುವಿನ ಹಿಂಭಾಗದಲ್ಲಿ ಹಸಿರು ಬೂಷ್ಟು. ಸೈಟ್ ಇಂಜಿನಿಯರ್ ಬಂದ. ಒಳ್ಳೆಯ ಹುಡುಗ, ಹಾವೇರಿ ಕಡೆಯವನು. ಗೋಡೆಗೆ ಕೈಯಿಟ್ಟ, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದ, ಬಚ್ಚಲಿಗೆ ಹೋಗಿ ಐದು ರೂಪಾಯಿ ನಾಣ್ಯದಿಂದ ಟೈಲ್ಸ್ ಕುಟ್ಟಿದ. ಎರಡು ಟೈಲ್ಸ್ ಟೊಳ್ಳು ಸದ್ದು ಮಾಡಿದವು. ಅವು ತನಗೆ ಕೇಳಿಸಲೇ ಇಲ್ಲವೆಂಬ ಮುಖ ಮಾಡಿ ಹೊರಗೆ ಬಂದ.

‘ಸರ್, ಇದು ಲೀಕೇಜ್ ಅಲ್ಲ. ಮಾಯಿಶ್ಚರ್.’

‘ಎರಡಕ್ಕೂ ಏನಪ್ಪಾ ವ್ಯತ್ಯಾಸ?’

‘ಲೀಕೇಜ್ ಆದ್ರೆ ನಮ್ದು ಸರ್. ಮಾಯಿಶ್ಚರ್ ಆದ್ರೆ ವೆದರ್‌ದು.’

ಹೊರಡುವ ಮುನ್ನ ಇನ್ನೊಂದು ಮಾತು ಸೇರಿಸಿದ: ‘ಮೇಲಿನ ಮನೆಯವ್ರು ಬಾತ್‌ರೂಮಿಗೆ ನೀರು ಜಾಸ್ತಿ ಹಾಕ್ತಾರೇನೋ, ಸ್ವಲ್ಪ ಹೇಳಿ ನೋಡಿ ಸರ್.’ ಮೇಲಿನ ಮನೆಯವರು ನಿವೃತ್ತ ಮೇಷ್ಟ್ರು. ಅವರಿಗೆ ಹೇಳಿದೆ. ‘ಬಚ್ಚಲಿಗೆ ನೀರು ಹಾಕದೆ ಇನ್ನೇನು ಎಣ್ಣೆ ಹಾಕ್ಬೇಕಾ?’ ಎಂದರು. ಅಂದಿನಿಂದ ಲಿಫ್ಟ್‌ನಲ್ಲಿ ಸಿಕ್ಕರೆ ಇಬ್ಬರೂ ಮಹಡಿ ತೋರಿಸುವ ಕೆಂಪು ಅಂಕಿಗಳನ್ನೇ ನೋಡುತ್ತ ನಿಲ್ಲುತ್ತೇವೆ. ನನ್ನ ಕಕ್ಷಿದಾರರ ನೈಪುಣ್ಯ ಗಮನಿಸಿ. ಸೋರಿದ್ದು ಅವರ ಕೆಲಸ, ಮಾತು ಬಿಟ್ಟದ್ದು ನಾವಿಬ್ಬರು.

ಬಚ್ಚಲ ಸೋರಿಕೆಗೆ ಮದ್ದು ಯಾವ ಮೇಸ್ತ್ರಿಗೂ ಗೊತ್ತು. ಮೇಲಿನ ಮನೆಯ ಟೈಲ್ಸ್ ಕೀಳಬೇಕು, ಕೆಳಗಿನ ಸಂಕನ್ ಸ್ಲ್ಯಾಬಿನಲ್ಲಿ ತುಂಬಿದ್ದನ್ನೆಲ್ಲ ತೆಗೆಯಬೇಕು, ಪೈಪಿನ ಜಾಯಿಂಟ್ ನೋಡಬೇಕು, ವಾಟರ್‌ಪ್ರೂಫಿಂಗ್ ಹೊಸದಾಗಿ ಬಳಿದು, ನೀರು ಕಟ್ಟಿ ನಿಲ್ಲಿಸಿ, ಕೆಳಗೆ ಹನಿಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಟೈಲ್ಸ್ ಕೂರಿಸಬೇಕು. ಇದಕ್ಕೆ ದುಡ್ಡು ಬೇಕು, ದಿನಗಳು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪು ನಮ್ಮದು ಎಂದು ಯಾರಾದರೂ ಒಪ್ಪಬೇಕು. ಆದ್ದರಿಂದ ಬಂದವರು ಇಬ್ಬರು ಪೇಂಟಿಂಗ್ ಹುಡುಗರು. ಕೆರೆದರು, ಪುಟ್ಟಿ ಮೆತ್ತಿದರು, ಸಂಜೆಯೊಳಗೆ ರೋಲರ್ ಎಳೆದರು. ಗೋಡೆ ಮದುವಣಗಿತ್ತಿಯ ಕಳೆಯಲ್ಲಿ ನಿಂತಿತು. ಕೂಡಲೇ ಒಂದು ಫಾರಂ ಮುಂದೆ ಬಂತು: ‘ಕೆಲಸ ತೃಪ್ತಿಕರವಾಗಿದೆ ಅಂತ ಇಲ್ಲೊಂದು ಸೈನ್ ಹಾಕಿ ಸರ್.’

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 14ನೇ ಸೆಕ್ಷನ್ನು ಮನೆ ಕೊಂಡವರ ಪಾಲಿಗೆ ವರ ಎಂದು ಎಲ್ಲರೂ ಹೇಳುತ್ತಾರೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕಾಮಗಾರಿಯ ಗುಣಮಟ್ಟದಲ್ಲೋ ದೋಷ ಕಂಡುಬಂದು ಮಾಲೀಕರು ಗಮನಕ್ಕೆ ತಂದರೆ, ಬಿಲ್ಡರ್ ಒಂದು ಪೈಸೆ ಕೇಳದೆ 30 ದಿನದಲ್ಲಿ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು. ಈ ಕಾಯಿದೆಯನ್ನು ನನ್ನ ಕಕ್ಷಿದಾರರು ಕಡೆಗಣಿಸಿದ್ದಾರೆ ಎಂಬುದು ಶುದ್ಧ ಅಪಪ್ರಚಾರ. ಇಡೀ ಬೆಂಗಳೂರಿನಲ್ಲಿ ಆ 5 ವರ್ಷವನ್ನು ಅವರಷ್ಟು ಕಟ್ಟುನಿಟ್ಟಾಗಿ ಎಣಿಸುವವರು ಇನ್ನೊಬ್ಬರಿಲ್ಲ. ಒಂದು ಮಳೆಗಾಲಕ್ಕೆ ಒಂದು ಪುಟ್ಟಿ. ಐದು ಪುಟ್ಟಿಗೆ ಕಾಯಿದೆಯೇ ಮುಗಿಯಿತು.

ಇನ್ನು ಕರಾರುಪತ್ರ ಏಕಪಕ್ಷೀಯ ಎಂಬ ಹಳೇ ರಾಗ. ಇದನ್ನು ನಾನು ಹೇಳಿದರೆ ಹೊಟ್ಟೆಕಿಚ್ಚು ಅಂದಾರು, ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು. 2019ರ ಏಪ್ರಿಲ್‌ನಲ್ಲಿ ತೀರ್ಪಾದ ಗುರುಗ್ರಾಮದ ಪ್ರಕರಣವೊಂದರಲ್ಲಿ ಕರಾರು ಹೀಗಿತ್ತು: ಕೊಳ್ಳುವವನು ಕಂತು ತಡಮಾಡಿದರೆ ಶೇ. 18 ಬಡ್ಡಿ, ಬಿಲ್ಡರ್ ಹಣ ವಾಪಸ್ ಕೊಡುವುದಕ್ಕೆ ತಡಮಾಡಿದರೆ ಶೇ. 9. ಇಂಥ ಕರಾರು ಅನುಚಿತ ವ್ಯಾಪಾರ ಪದ್ಧತಿ, ಅದಕ್ಕೆ ಕೊಳ್ಳುವವನನ್ನು ಕಟ್ಟಿಹಾಕುವಂತಿಲ್ಲ ಎಂದಿತು ಕೋರ್ಟು. ರೇರಾದಲ್ಲಂತೂ ಇಬ್ಬರಿಗೂ ಒಂದೇ ದರ. ಕರ್ನಾಟಕದ ನಿಯಮದ ಪ್ರಕಾರ ಸ್ಟೇಟ್ ಬ್ಯಾಂಕಿನ ಸಾಲದ ದರದ ಮೇಲೆ ಶೇ. 2. ಮಾನವನ ತಡ ಬೇರೆ, ದೇವರ ತಡ ಬೇರೆ ಎಂಬ ಸೂಕ್ಷ್ಮ ನಮ್ಮ ಶಾಸಕಾಂಗಕ್ಕೆ ಹೊಳೆಯಲೇ ಇಲ್ಲ.

ಮರುವರ್ಷ, 2020ರ ಆಗಸ್ಟ್‌ನಲ್ಲಿ, ನಮ್ಮ ಬೇಗೂರಿನ ಒಂದು ದೊಡ್ಡ ಯೋಜನೆಯ ಮೇಲೂ ತೀರ್ಪು ಬಂತು. ದೂರಿನಲ್ಲಿ ಸೇರಿದ್ದವರು 339 ಮಂದಿ. ತಡವಾದರೆ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ ಎಂದು ಕರಾರಿನಲ್ಲಿತ್ತು. ಅಷ್ಟರಲ್ಲೇ ಸುಮ್ಮನಿರಿ ಎಂದರೆ ಆಗದು ಎಂದ ಕೋರ್ಟು, ಅದರ ಮೇಲೆ ವರ್ಷಕ್ಕೆ ಶೇ. 6ರ ಬಡ್ಡಿಯನ್ನೂ ಕೊಡಿಸಿತು. ಆ ತೀರ್ಪಿನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಬೇರೆಯೇ ಇದೆ. ಕ್ರಯಪತ್ರ ಬೇಕಾದವರು ತಡದ ಪರಿಹಾರದ ಹಕ್ಕನ್ನು ಕೈಬಿಡಬೇಕು, ಹಕ್ಕು ಬೇಕಾದವರು ಕ್ರಯಪತ್ರಕ್ಕೆ ಕಾಯುತ್ತ ಕೂರಬೇಕು ಎಂಬ ಇಕ್ಕಟ್ಟು ಅಲ್ಲಿ ಕೊಂಡವರ ಮುಂದಿತ್ತು. ಇದು ಸಮಂಜಸವಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದರು. ತೀರ್ಪನ್ನು ಎಲ್ಲ ಬಿಲ್ಡರ್‌ಗಳೂ ಓದಿದ್ದಾರೆ. ಓದಿದ ಗುರುತೆಂದರೆ, ಈಗ ಆ ಷರತ್ತನ್ನು ಯಾರೂ ಬರವಣಿಗೆಯಲ್ಲಿ ಹಾಕುವುದಿಲ್ಲ. ಕೀ ಕೊಡುವ ಮೇಜಿನ ಬಳಿ, ಕಾಫಿಯ ಜೊತೆಗೆ, ಬಾಯಿಮಾತಿನಲ್ಲಿ ಹೇಳುತ್ತಾರೆ.

ಓಸಿಯ ವಿಷಯ. ಮನೆಯಲ್ಲಿ ವಾಸಿಸಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ. ಕೇಳಿದರೆ ಉತ್ತರ ಸಿದ್ಧ: ‘ಅಪ್ಲೈ ಮಾಡಿದೀವಿ ಸರ್, ಫೈಲ್ ಮೂವ್ ಆಗ್ತಿದೆ, ಅಷ್ಟರಲ್ಲಿ ನೀವು ಗೃಹಪ್ರವೇಶ ಮುಗಿಸಿಬಿಡಿ, ಮುಂದೆ ಆಷಾಢ ಬರುತ್ತೆ.’ ಆಷಾಢದ ಭಯ ರೇರಾದ ಭಯಕ್ಕಿಂತ ದೊಡ್ಡದು. ಹಸು ಲಿಫ್ಟ್ ಹತ್ತುವಂತಿಲ್ಲವಾದ್ದರಿಂದ ಬೇಸ್‌ಮೆಂಟಿನಲ್ಲೇ ಗೋಪೂಜೆ ಮುಗಿಸಿ, ಮೇಲೆ ಬಂದು ಹಾಲುಕ್ಕಿಸಿ, ಜನ ಸಂಸಾರ ಹೂಡುತ್ತಾರೆ. ಕರೆಂಟು ಟೆಂಪರರಿ, ನೀರು ಟ್ಯಾಂಕರ್, ಸಾಲವೊಂದೇ ಪರ್ಮನೆಂಟು. ಅಷ್ಟರಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಉತ್ತರ ಪ್ರದೇಶದ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ, ಓಸಿ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು. 2025ರಲ್ಲಿ ಬೆಸ್ಕಾಂ ಓಸಿ ಇಲ್ಲದ ಕಟ್ಟಡಗಳ ಹೊಸ ವಿದ್ಯುತ್ ಸಂಪರ್ಕಗಳನ್ನು ತಡೆಹಿಡಿಯಿತು. ಗದ್ದಲವೆದ್ದ ಮೇಲೆ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿಯ ದಾರಿ ಹುಡುಕಿತು. ಈ ಎಲ್ಲ ಪ್ರಸಂಗದಲ್ಲಿ ನಕ್ಷೆ ಮೀರಿ ಕಟ್ಟಿದವನ ಬಂಗಲೆಯ ಒಂದು ಬಲ್ಬೂ ಆರಲಿಲ್ಲ. ಆರಿದ್ದು ನಂಬಿ ಕೊಂಡವನ ಮನೆಯದು. ನ್ಯಾಯದೇವತೆಗೆ ಕಣ್ಣಿಗೆ ಬಟ್ಟೆ ಕಟ್ಟಿದ್ದರ ಪ್ರಯೋಜನವೇ ಇದು, ಕತ್ತಲೆಯಾದರೂ ಆಕೆಗೆ ತೊಂದರೆಯಿಲ್ಲ.

ಮಾಲೀಕರ ಸಂಘದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ರೇರಾ ಕಾಯಿದೆಯ ಪ್ರಕಾರ ಸಂಘ ರಚನೆಗೆ ಬಿಲ್ಡರೇ ಅನುವು ಮಾಡಿಕೊಡಬೇಕು, ಸಾಮಾನ್ಯ ಜಾಗಗಳನ್ನೂ ನಕ್ಷೆ-ದಾಖಲೆಗಳನ್ನೂ ಅದಕ್ಕೆ ಒಪ್ಪಿಸಬೇಕು. ನನ್ನ ಕಕ್ಷಿದಾರರು ಎಲ್ಲವನ್ನೂ ಒಪ್ಪಿಸುತ್ತಾರೆ, ಮೂರನ್ನು ಬಿಟ್ಟು: ಕಾರ್ಪಸ್ ಫಂಡು, ಅದರ ಲೆಕ್ಕ, ಮತ್ತು ಪೈಪ್‌ಲೈನ್ ಎಲ್ಲೆಲ್ಲಿ ಹೋಗಿದೆ ಎಂಬ ನಕ್ಷೆ. ಸಂಘವನ್ನು 1960ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸಬೇಕೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಡಿಯೋ ಎಂದು ಮಾಲೀಕರು ಕ್ಲಬ್‌ಹೌಸಿನಲ್ಲಿ ಕೂತು ವಾದಿಸುತ್ತಾರೆ. ದ್ವೈತ-ಅದ್ವೈತಗಳಿಗೂ ಅಷ್ಟು ಗಂಟಲು ಹರಿದಿರಲಿಕ್ಕಿಲ್ಲ. ಆ ಜಿಜ್ಞಾಸೆ ಎಷ್ಟು ಕಾಲ ನಡೆದರೂ ಕಕ್ಷಿದಾರರ ಅಭ್ಯಂತರವಿಲ್ಲ, ಬಿಸ್ಕತ್ತಿನ ಖರ್ಚೂ ಅವರದೇ.

ಆದರೆ ಒಂದನ್ನು ಮಾತ್ರ ಅವರು ಬಹಳ ತುರ್ತಾಗಿ ಒಪ್ಪಿಸುತ್ತಾರೆ: ಕೊಳಚೆ ನೀರು ಶುದ್ಧೀಕರಣ ಘಟಕ. ಬೇಸ್‌ಮೆಂಟಿನ ಮೂಲೆಯಲ್ಲಿ, ಲಿಫ್ಟ್ ಬಾಗಿಲು ತೆರೆದ ಕೂಡಲೇ ಮೂಗಿಗೇ ಅದರ ವಿಳಾಸ ಸಿಗುತ್ತದೆ. ಬ್ಲೋವರ್ ಕೆಟ್ಟಿರುತ್ತದೆ, ಫಿಲ್ಟರ್ ಕಟ್ಟಿರುತ್ತದೆ, ಇಷ್ಟು ಮನೆಗಳ ನೀರಿಗೆ ಅಷ್ಟು ಚಿಕ್ಕ ತೊಟ್ಟಿ ಸಾಲುವುದಿಲ್ಲ ಎಂದು ಮಾಲೀಕರಿಗೆ ಗೊತ್ತಾಗುವಷ್ಟರಲ್ಲಿ ಸಂಘದ ಅಧ್ಯಕ್ಷರು ಹಸ್ತಾಂತರ ಪತ್ರಕ್ಕೆ ಸಹಿ ಹಾಕಿ, ಶಾಲು ಹೊದೆಸಿಕೊಂಡು, ಫೋಟೋ ತೆಗೆಸಿಕೊಂಡಿರುತ್ತಾರೆ. ಅಲ್ಲಿಂದಾಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬರುವುದು ಸಂಘದ ಹೆಸರಿಗೆ. ಬ್ರೋಷರಿನಲ್ಲಿ ‘ಲೇಕ್ ವ್ಯೂ’ ಎಂದಿತ್ತಲ್ಲ, ಆ ಕೆರೆಯ ನೊರೆಗೆ ಯಾರ ಪಾಲೆಷ್ಟು ಎಂದು ಇನ್ನು ಮುಂದೆ ಮಾಲೀಕರೇ ಉತ್ತರ ಕೊಡಬೇಕು.

ಕೆಲವರು ಹಟ ಹಿಡಿದು ರೇರಾ ಪ್ರಾಧಿಕಾರಕ್ಕೆ ಹೋಗುತ್ತಾರೆ. ಗೆಲ್ಲುತ್ತಾರೆ ಕೂಡ. ಬಡ್ಡಿ ಸಮೇತ ಇಷ್ಟು ಕೊಡಿ ಎಂದು ಆದೇಶವಾಗುತ್ತದೆ, ಮನೆಯಲ್ಲಿ ಪಾಯಸ. ಹಣ ಕೊಡದಿದ್ದರೆ ಏನು ಎಂಬುದಕ್ಕೆ ಕಾಯಿದೆಯ 40ನೇ ಸೆಕ್ಷನ್ನಿನಲ್ಲಿ ಉತ್ತರವಿದೆ: ಭೂಕಂದಾಯದ ಬಾಕಿಯೆಂದು ವಸೂಲಿ ಮಾಡುವುದು. ವಸೂಲಿ ಪತ್ರ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಇಳಿಯುತ್ತದೆ. ತಹಶೀಲ್ದಾರರ ಮೇಜಿನ ಮೇಲೆ ಅದಾಗಲೇ ಪಹಣಿ ತಿದ್ದುಪಡಿ, ಒತ್ತುವರಿ ತೆರವು, ಚುನಾವಣೆ, ನೆರೆ, ಬರ ಎಲ್ಲ ಕೂತಿರುತ್ತವೆ. ಕಂದಾಯ ಕಟ್ಟದ ರೈತನ ಪಾತ್ರೆ-ಪಡಗ ಜಪ್ತಿ ಮಾಡಲು ಬ್ರಿಟಿಷರ ಕಾಲದಿಂದ ಅಭ್ಯಾಸವಾದ ವ್ಯವಸ್ಥೆಗೆ ಬಿಲ್ಡರ್ ಮನೆ ಬಾಗಿಲಿಗೆ ಹೋದಾಗ ಮಾತ್ರ ನಾಚಿಕೆ. ಹೋದರೂ ಸಿಗುವುದೇನು? ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಕಂಪನಿ. ಫ್ಲ್ಯಾಟುಗಳೆಲ್ಲ ಮಾರಿಹೋದ ಮೇಲೆ ಆ ಕಂಪನಿಯ ಆಸ್ತಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಗಣಪತಿ ಫೋಟೋ. ಕರ್ನಾಟಕದಲ್ಲಿ ರೇರಾ ಆದೇಶವಾಗಿಯೂ ಕೈಗೆ ಬಾರದೆ ಉಳಿದ ಹಣ ನೂರಾರು ಕೋಟಿ. ಬಿಲ್ಡರ್ ಮೇಲೆ ದಿವಾಳಿ ಅರ್ಜಿ ಹಾಕುವುದು ಇನ್ನೊಂದು ದಾರಿ. ದಿವಾಳಿ ಕಾಯಿದೆಗೆ 2018ರಲ್ಲಿ ತಿದ್ದುಪಡಿ ತಂದು ಮನೆ ಕೊಂಡವರನ್ನೂ ಬ್ಯಾಂಕುಗಳ ಸಾಲಿನಲ್ಲಿ, ಸಾಲ ಕೊಟ್ಟವರೆಂದು ಕೂರಿಸಿದರು. 2020ರಲ್ಲಿ, ಅರ್ಜಿ ಹಾಕಬೇಕಾದರೆ 100 ಜನರಾದರೂ ಅಥವಾ ಆ ಯೋಜನೆಯಲ್ಲಿ ಕೊಂಡವರಲ್ಲಿ ಶೇ. 10ರಷ್ಟು ಮಂದಿಯಾದರೂ ಸೇರಿ ಬನ್ನಿ ಎಂದರು. ನಮ್ಮಲ್ಲಿ ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನೂರು ಜನ ಸೇರಿದ್ದನ್ನು ನಾನು ಕಂಡಿಲ್ಲ.

ಈಗ ನನ್ನ ಪ್ರಮುಖ ವಾದಕ್ಕೆ ಬರುತ್ತೇನೆ. ಬಿಲ್ಡರ್‌ಗಳು ದುಷ್ಟರು ಎಂದು ಕೂಗುವವರು ಒಮ್ಮೆ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಬಂದು ನೋಡಲಿ. ಯಾರೋ ಬೇಸ್‌ಮೆಂಟಿನ ಕಂಬದ ಬಿರುಕಿನ ಫೋಟೋ ಹಾಕುತ್ತಾರೆ. ಎರಡು ನಿಮಿಷದಲ್ಲಿ ಮೊದಲ ಉತ್ತರ: ‘ದಯವಿಟ್ಟು ಡಿಲೀಟ್ ಮಾಡಿ, ಹೊರಗೆ ಹೋದರೆ ರೇಟ್ ಬಿದ್ದುಹೋಗುತ್ತೆ.’ ಎರಡನೆಯದು: ‘ಪಾಸಿಟಿವ್ ಆಗಿರೋಣ ಫ್ರೆಂಡ್ಸ್.’ ಮೂರನೆಯದು, ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿರುವವರದು: ‘ಇದು ಕೇವಲ ಪ್ಲಾಸ್ಟರ್ ಕ್ರ್ಯಾಕ್.’ ಡಲ್ಲಾಸ್‌ನಿಂದ ಸರ್ಜಾಪುರದ ಕಂಬ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕನೆಯದು ಒಂದು ಗುಡ್ ಮಾರ್ನಿಂಗ್ ಸೂರ್ಯೋದಯ, ಮಧ್ಯಾಹ್ನ ಮೂರಕ್ಕೆ.

ಏಳನೇ ಮಹಡಿಯ ಒಬ್ಬರು ಫ್ಲ್ಯಾಟ್ ಮಾರಲು ಹೊರಟರು. ಸೋರುವ ಗೋಡೆಗೆ ಬೀರು ತಳ್ಳಿದರು, ಉಬ್ಬಿದ ಸೂರಿಗೆ ಫಾಲ್ಸ್ ಸೀಲಿಂಗ್ ಮಾಡಿಸಿದರು, ನೋಡಲು ಬಂದ ದಂಪತಿಗೆ ‘ಬಿಲ್ಡರ್ ತುಂಬಾ ಜೆನ್ಯುಯಿನ್, ಒಂದು ಫೋನ್ ಮಾಡಿದ್ರೆ ಸಾಕು’ ಎಂದು ಎದೆ ತಟ್ಟಿ ಹೇಳಿದರು. ಅದೇ ಬಿಲ್ಡರ್‌ನ ಮೇಲೆ ಜಿಎಸ್‌ಟಿ ರಸೀದಿ ಸಮೇತ ದೂರು ಬರೆದ ಫೈಲು ಆ ಬೀರುವಿನೊಳಗೇ ಇತ್ತು. ಇನ್ನೊಬ್ಬರ ಚಾಕಚಕ್ಯತೆ ಇದಕ್ಕೂ ಮೇಲು. ಬೆಳಿಗ್ಗೆ ಸಂಘದ ಸಭೆಯಲ್ಲಿ ‘ಬಿಡಬಾರದು ಇವನನ್ನ, ಕೋರ್ಟಿಗೆ ಎಳೀಬೇಕು’ ಎಂದು ಮೇಜು ಕುಟ್ಟಿದರು. ಸಂಜೆ ತಮ್ಮ ಆಫೀಸಿನ ಸಹೋದ್ಯೋಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಬಿಲ್ಡರ್‌ನ ಎರಡನೇ ಹಂತದ ಸೈಟಿಗೆ ಹೋದರು. ರೆಫರಲ್ ಕೊಟ್ಟರೆ ಒಂದು ವರ್ಷದ ಮೇಂಟೆನೆನ್ಸ್ ಮನ್ನಾ. ಎಳನೀರು ಆ ಸಹೋದ್ಯೋಗಿಗೂ ಸಿಕ್ಕಿತು.

ಹೀಗಿರುವಾಗ ಬಿಲ್ಡರ್‌ಗೆ ನನ್ನಂಥ ವಕೀಲ ಏತಕ್ಕೆ? ಸೋರುವ ಗೋಡೆಯ ಮುಂದೆ ಬೀರು ಇಟ್ಟು ಕಾಯುತ್ತಿರುವವರು ಮಾಲೀಕರೇ. ಮಾರುಕಟ್ಟೆಯಲ್ಲಿ ಚದರ ಅಡಿಯ ರೇಟು ಬೀಳಬಾರದೆಂಬ ಒಂದೇ ವ್ರತಕ್ಕೆ ಕಟ್ಟುಬಿದ್ದು, ಮಕ್ಕಳು ಮಲಗುವ ಕೋಣೆಯ ಬೂಷ್ಟನ್ನು ಗುಟ್ಟಾಗಿ ಸಾಕುತ್ತಿದ್ದಾರೆ. ಆ ವ್ರತದ ಫಲ ಅವರಿಗೆ ಸಿಗುವುದು ಮನೆ ಮಾರಿದ ದಿನ, ಬಿಲ್ಡರ್‌ಗೆ ಸಿಗುವುದು ದಿನಾ.

ಕಕ್ಷಿದಾರರಿಗೆ ಬೇಸರವಾದರೂ ಓದುಗರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ನಿಮ್ಮ ಕೈಗೆ ಕೀ ಬಂದ ತಾರೀಖು ಯಾವುದೆಂದು ಇವತ್ತೇ ಹುಡುಕಿ. 5 ವರ್ಷ ತುಂಬಿಲ್ಲವಾದರೆ, ಸೋರುವುದು, ಬಿರಿದದ್ದು, ಟೊಳ್ಳಾದದ್ದು ಎಲ್ಲವನ್ನೂ ತಾರೀಖಿರುವ ಫೋಟೋ ಸಮೇತ ಬರೆದು, ಇ-ಮೇಲಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಜೋಪಾನ ಮಾಡಿ. ಮೇಲಿನ ಮನೆಯವರ ಸಹಿಯನ್ನೂ ಹಾಕಿಸಿಕೊಳ್ಳಿ, ಅವರ ಮೇಲಿನ ಮನೆಯೂ ಅವರ ತಲೆ ಮೇಲೆ ಸೋರುತ್ತಿರುತ್ತದೆ. ಪುಟ್ಟಿ ಮೆತ್ತಿ ಹೋದವರ ತೃಪ್ತಿಪತ್ರಕ್ಕೆ, ಒಂದು ಮಳೆಗಾಲ ಕಳೆಯುವ ತನಕ, ಸಹಿ ಹಾಕಬೇಡಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. 30 ದಿನದ ಗಡುವು ನಿಮ್ಮ ದೂರು ಅವರ ಕೈ ಸೇರಿದ ದಿನದಿಂದ ಶುರು.